ಸೋಡಾ ಮ್ಯಾಕ್ಸಿನ್

ನನ್ನ ಅಣ್ಣ ಟ್ರೆವರ್‌ನ ಹೆಂಡತಿ ಮ್ಯಾಕ್ಸಿನ್ ಗಾರ್ಬಟ್ ಎಲ್ಲಿರುತ್ತಾಳೆ ಎಂದು ನಮ್ಮೂರು ಬಿಲ್ಲಿಂಗ್‌ಹ್ಯಾಮ್‌ನಲ್ಲಿ ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಸೋಡಾ ಮ್ಯಾಕ್ಸಿನ್ ಎಂದರೆ ಮಾತ್ರ ಮೀನು ಕರಿಯುವ ಅಂಗಡಿಯವನಿಂದ ಹಿಡಿದು ಪಾದ್ರಿಯವರ ತನಕ ಎಲ್ಲರೂ ಕೈ ತೋರಿಸಿ ದಾರಿ ಹೇಳುತ್ತಿದ್ದರು. ಹನ್ನೆರಡು ವರ್ಷ ಅವಳು ಟ್ಯಾಂಕರ್ ಓಡಿಸಿದಳು. ಅದರೊಳಗೆ ಇರುತ್ತಿದ್ದದ್ದು ಸೋಡಾಕ್ಕೂ ಬಿಯರಿಗೂ ಗುಳ್ಳೆ ತರುವ ಗ್ಯಾಸು.

ನಮ್ಮೂರಿನ ಕಾರ್ಖಾನೆಗೆ ಆ ಗ್ಯಾಸು ಮುಖ್ಯ ಸರಕಲ್ಲ. ಮುಖ್ಯ ಸರಕು ಗೊಬ್ಬರ. ಸಮುದ್ರದ ತಳದಿಂದ ಬರುವ ಅನಿಲವನ್ನು ಹಬೆಯ ಜತೆ ಸೇರಿಸಿ ಕುಲುಮೆಯ ಕೊಳವೆಗಳಲ್ಲಿ ಕಾಯಿಸುತ್ತಾರೆ. ಅದು ಒಡೆದು ಜಲಜನಕ ಸಿಗುತ್ತದೆ. ಅದನ್ನು ಗಾಳಿಯಲ್ಲಿರುವ ಸಾರಜನಕದ ಜತೆ ಕೂಡಿಸಿದರೆ ಅಮೋನಿಯ, ಅಮೋನಿಯದಿಂದ ಗೊಬ್ಬರ. ಇಷ್ಟೆಲ್ಲ ಆಗುವಾಗ ಯಾರಿಗೂ ಬೇಡದ ಇಂಗಾಲದ ಡೈಆಕ್ಸೈಡು ರಾಶಿರಾಶಿ ಉಳಿಯುತ್ತದೆ. ನಮ್ಮಪ್ಪ ಅಲ್ಲಿ ಗೊಬ್ಬರದ ಚೀಲ ಹೊಲಿಯುತ್ತಿದ್ದ ಕಾಲದಲ್ಲಿ ಅದರಲ್ಲಿ ಬಹುಪಾಲನ್ನು ಆಕಾಶಕ್ಕೆ ಬಿಡುತ್ತಿದ್ದರಂತೆ. ಆಮೇಲೆ ಅದನ್ನು ಒತ್ತಿ, ತಣಿಸಿ, ನೀರಿನಂತೆ ಮಾಡಿ ಟ್ಯಾಂಕರಿಗೆ ತುಂಬಿ ಮಾರತೊಡಗಿದರು. ಕೊಳ್ಳುವವರಿಗೆ ಕೊರತೆಯೇ ಇರಲಿಲ್ಲ.

ನಾನು ಡೋರೀನ್. ಅದೇ ಕಾರ್ಖಾನೆಯ ಗೇಟಿನ ಪಕ್ಕದ ವೇಬ್ರಿಡ್ಜಿನಲ್ಲಿ ಕೂತು ಒಳಗೆ ಬರುವ, ಹೊರಗೆ ಹೋಗುವ ಲಾರಿಗಳ ತೂಕ ನೋಡುತ್ತಿದ್ದೆ. ಟ್ರೆವರ್ ಟ್ಯಾಂಕರ್ ಡ್ರೈವರ್. ಮ್ಯಾಕ್ಸಿನ್ ಕ್ಯಾಂಟೀನಿನಲ್ಲಿ ಬಡಿಸುವ ಕೆಲಸ. ಹೀಗೆ ನಾವು ಮೂವರೂ ಒಂದೇ ಬೇಲಿಯೊಳಗೆ ಅನ್ನ ದುಡಿಯುತ್ತಿದ್ದೆವು.

ಟ್ರೆವರ್ ಒಂದು ಭಾನುವಾರ ಹಿತ್ತಿಲಲ್ಲಿ ಬಗ್ಗಿ ಈರುಳ್ಳಿ ಜಾತಿಯ ಲೀಕ್ ಗಿಡಗಳಿಗೆ ಮಣ್ಣು ಏರಿಸುತ್ತಿದ್ದವನು ಮತ್ತೆ ಏಳಲಿಲ್ಲ. ಎದೆಬಡಿತ ನಿಂತಿತ್ತು. ಐವತ್ತೂ ತುಂಬಿರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ಮ್ಯಾಕ್ಸಿನ್ ಕ್ಯಾಂಟೀನಿಗೆ ಮರಳಿದಳು, ಎರಡು ಚಳಿಗಾಲ ಅಲ್ಲೇ ಬಡಿಸಿದಳು. ಆಮೇಲೆ ಒಂದು ದಿನ ಟ್ಯಾಂಕರುಗಳ ಮೇಸ್ತ್ರಿ ಕೌಪರ್‌ನ ಎದುರು ಹೋಗಿ ನಿಂತಳು.

"ನಂಗೆ ಟ್ಯಾಂಕರ್ ಕೊಡಿ," ಎಂದಳು.

ಕೌಪರ್ ನಕ್ಕುಬಿಟ್ಟ. "ನಿಂಗೆ ಕಾರೇ ಹಿಂದಕ್ಕೆ ತೆಗೆಯೋಕೆ ಬರಲ್ವಲ್ಲೇ!"

"ಕಾರ್ ಹಿಂದಕ್ಕೆ ತೆಗೀತಿದ್ದಿದ್ದು ಟ್ರೆವರ್. ಅದಕ್ಕೇ ಕಲೀಲಿಲ್ಲ. ಈಗ ಕಲೀತೀನಿ."

ಲೈಸೆನ್ಸಿನ ಪರೀಕ್ಷೆಯಲ್ಲಿ ಮೊದಲ ಸಲ ಒಂದು ಕಂಬಕ್ಕೆ ಉಜ್ಜಿ ಫೇಲಾದಳು. ಎರಡನೇ ಸಲ ಪಾಸು. ಇದೆಲ್ಲ ಯಾತಕ್ಕೆ ಎಂದು ನಾನು ಕೇಳಿದ್ದಕ್ಕೆ, "ಕ್ಯಾಂಟೀನಲ್ಲಿ ನಾನು ತಟ್ಟೆಗೆ ಆಲೂಗಡ್ಡೆ ಹಾಕ್ತಿದ್ರೆ ಎಲ್ರೂ ಮೆಲ್ಲಗೆ ಮಾತಾಡ್ತಾರೆ ಕಣೇ ಡೋರೀನ್. ಪಾಪ, ಪಾಪ ಅಂತ ಮುಖ ನೋಡ್ತಾರೆ. ಟ್ಯಾಂಕರ್ ಮೇಲೆ ಕೂತೋಳನ್ನ ಯಾರೂ ಪಾಪ ಅನ್ನಲ್ಲ. ದಾರಿ ಬಿಡ್ತಾರೆ," ಎಂದಳು. ಅದು ನಿಜ. ಮೊದಲ ವಾರ ಅವಳ ಟ್ಯಾಂಕರ್ ನನ್ನ ಕಿಟಕಿಯ ಮುಂದೆ ತೂಕಕ್ಕೆ ಬಂದು ನಿಂತಾಗ ನಾನು ಕೂಡ ಒಂದು ಹೆಜ್ಜೆ ಹಿಂದೆ ಸರಿದಿದ್ದೆ.

ಅವಳ ತಿರುಗಾಟ ವಾರವಿಡೀ ಇರುತ್ತಿತ್ತು. ಒಂದು ದಿನ ನಿಂಬೆ ಸೋಡಾ ತುಂಬುವ ಫ್ಯಾಕ್ಟರಿ, ಇನ್ನೊಂದು ದಿನ ಕ್ರಂಪೆಟ್ ಮಾಡುವ ಬೇಕರಿ. ಮೈಯೆಲ್ಲ ತೂತಿರುವ ಆ ದುಂಡು ರೊಟ್ಟಿಗಳು ಬೂಸ್ಟು ಹಿಡಿಯದಿರಲೆಂದು ಪೊಟ್ಟಣದೊಳಗೆ ಇದೇ ಗ್ಯಾಸು ತುಂಬುತ್ತಾರೆ. ಮಂಗಳವಾರ ಮಾತ್ರ ಯಾರ್ಕ್‌ಶೈರ್ ಕಡೆ ಇಳಿದು ಒಂದು ದೊಡ್ಡ ಕಸಾಯಿಖಾನೆಗೆ ಹೋಗಬೇಕಾಗಿತ್ತು. ಹಂದಿಗಳನ್ನು ಕಡಿಯುವ ಮೊದಲು ಎಚ್ಚರ ತಪ್ಪಿಸುವುದು ಈ ಗ್ಯಾಸಿನಿಂದಲೇ. ಮ್ಯಾಕ್ಸಿನ್‌ಗೆ ಆ ಜಾಗ ಕಂಡರೆ ಆಗುತ್ತಿರಲಿಲ್ಲ. ಗೇಟಿನ ಹೊರಗೆ ಸರದಿಗಾಗಿ ಕಾಯುವಾಗ ಒಳಗಿನ ಸದ್ದು ಕಿವಿಗೆ ಬೀಳಬಾರದೆಂದು ರೇಡಿಯೋ ಜೋರಾಗಿ ಹಾಕಿಕೊಂಡು ಕೂರುತ್ತಿದ್ದಳು.

ಹಾಗೆ ಕೂತಿದ್ದಾಗಲೇ ಯಾರೋ ಬಾಗಿಲು ತಟ್ಟಿದ್ದು. ಕೆಳಗೆ ಉದ್ದನೆಯ, ಕಿವಿ ಕೆಂಪಗಿದ್ದ ಒಬ್ಬ ಗಂಡಸು ನಿಂತಿದ್ದ. ಅವನ ಹಿಂದೆ ಹಂದಿ ತುಂಬಿದ ಟ್ರೇಲರ್.

"ನಿಮ್ ರೇಡಿಯೋ ನನ್ ಹಂದಿಗಳ್ಗೆ ಹಿಡಿಸ್ತಿಲ್ಲ ಕಣಮ್ಮ," ಎಂದ.

"ಯಾವ ಹಾಡು ಬೇಕಂತೆ ಅವಕ್ಕೆ?"

"ಹಾಡು ಬ್ಯಾಡ. ಯಾರಾದ್ರೂ ಮೆತ್ತಗೆ ಮಾತಾಡ್ತಿದ್ರೆ ಸಾಕು, ಸುಮ್ಕಿರ್ತವೆ."

"ಹಾಗಾದ್ರೆ ಮಾತಾಡಿ."

"ನಂಗೆ ಮಾತು ಕಮ್ಮಿ," ಎಂದ ಅವನು. ಹಾಗೆಂದವನೇ ತನ್ನ ಸರದಿ ಬರುವ ತನಕ ಮಾತಾಡಿದ.

ಅವನ ಹೆಸರು ಎಡ್ವಿನ್ ಮೆಟ್ಕಾಫ್. ಮದುವೆಯಾಗಿರಲಿಲ್ಲ. ತಾಯಿ ತೊಂಬತ್ತು ದಾಟುವ ತನಕ ಅವಳನ್ನು ನೋಡಿಕೊಂಡಿದ್ದ. ಅವಳು ಹೋದ ಮೇಲೆ ದೊಡ್ಡ ಮನೆಯಲ್ಲಿ ಅವನೂ ಹೊಲದಲ್ಲಿ ಹಂದಿಗಳೂ. ಮುಂದಿನ ಮಂಗಳವಾರ ಫ್ಲಾಸ್ಕಿನಲ್ಲಿ ಟೀ ತಂದ. ಅದರ ಮುಂದಿನ ಮಂಗಳವಾರ ಅವಳು ಬೇಕರಿಯವರು ಕೊಟ್ಟ ಸೊಟ್ಟ ಕ್ರಂಪೆಟ್‌ಗಳನ್ನು ಒಯ್ದಳು. ಸರದಿ ಉದ್ದವಿದ್ದ ದಿನ ಇಬ್ಬರಿಗೂ ಖುಷಿ. ಹೀಗೇ ಆರು ವರ್ಷ ನಡೆಯಿತು.

ನನ್ನ ಹತ್ತಿರ ಅವಳು ಅವನ ಹೆಸರು ಎತ್ತುತ್ತಿರಲಿಲ್ಲ. "ಹಂದಿಯವನು ಹಂಗಂದ, ಹಂದಿಯವನು ಹಿಂಗಂದ," ಅಷ್ಟೇ. ಸೋಮವಾರ ಸಂಜೆ ತಪ್ಪದೆ ತಲೆಗೆ ನೀರು ಹಾಕಿಕೊಳ್ಳುತ್ತಾಳೆ ಎನ್ನುವುದನ್ನು ನಾನು ಗಮನಿಸಿದ್ದೆ. ಕೇಳಲಿಲ್ಲ. ಅವಳು ನನ್ನಣ್ಣನ ಹೆಂಡತಿ. ನಾನು ಕೇಳಿದರೆ ಅವಳಿಗೂ ಕಷ್ಟ, ಕೇಳಿಸಿಕೊಳ್ಳುವುದು ನನಗೂ ಕಷ್ಟ.

ಎರಡು ಸಾವಿರದ ಇಪ್ಪತ್ತೊಂದರ ಶರತ್ಕಾಲದಲ್ಲಿ, ಸಮುದ್ರದಿಂದ ಬರುವ ಆ ಅನಿಲದ ಬೆಲೆ ಏರಿತು. ಏರಿತು ಎಂದರೆ ಸಾಲದು, ವಾರದಿಂದ ವಾರಕ್ಕೆ ನೆಗೆಯಿತು. ಕುಲುಮೆಗೂ ಅದೇ ಬೇಕು, ಅಮೋನಿಯಕ್ಕೂ ಅದೇ ಬೇಕು. ಗೊಬ್ಬರ ಮಾರಿ ಬರುವುದಕ್ಕಿಂತ ಅನಿಲ ಕೊಳ್ಳಲು ಹೋಗುವುದೇ ಹೆಚ್ಚಾಯಿತು. ಮ್ಯಾನೇಜರು ನಮ್ಮನ್ನೆಲ್ಲ ಕ್ಯಾಂಟೀನಿನಲ್ಲಿ ಸೇರಿಸಿ, ಮಾಡಿದಷ್ಟೂ ನಷ್ಟ, ಸದ್ಯಕ್ಕೆ ನಿಲ್ಲಿಸುತ್ತೇವೆ ಎಂದರು. ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ. ಕಂಪ್ರೆಸರುಗಳು ಒಂದೊಂದಾಗಿ ನಿಂತವು. ನಮ್ಮ ಬೀದಿಯಲ್ಲಿ ಪಾರಿವಾಳದ ರೆಕ್ಕೆ ಸದ್ದು ಕೇಳತೊಡಗಿತು.

ಅಮೋನಿಯ ನಿಂತರೆ ಉಳಿಕೆಯ ಗ್ಯಾಸೂ ಇಲ್ಲ. ದೇಶಕ್ಕೆ ಆಗ ಅರಿವಾಯಿತು. ಟೀವಿಯಲ್ಲಿ ಮಂತ್ರಿಗಳು, ಬಿಯರಿನವರು, ಕೋಳಿಯವರು ಸರದಿಯಲ್ಲಿ ಬಂದು ಹಣೆ ಒರೆಸಿಕೊಂಡರು. ಪಬ್ಬಿನಲ್ಲಿ ಹುಡುಗರು, "ಏನೇ ಸೋಡಾ ಮ್ಯಾಕ್ಸಿನ್, ನಮ್ ಬಿಯರ್ ಚಪ್ಪೆ ಮಾಡಿಬಿಟ್ಯಲ್ಲ!" ಎಂದು ರೇಗಿಸಿದರು. "ಊದ್ಕೊಂಡು ಕುಡೀರೋ, ಗುಳ್ಳೆ ಬರುತ್ತೆ," ಎಂದಳು ಅವಳು.

ಮನೆಯಲ್ಲಿ ಮಾತ್ರ ಅವಳಿಗೆ ಕಾಲು ನಿಲ್ಲಲಿಲ್ಲ. ಬಚ್ಚಲಿಗೆ ಬಣ್ಣ ಹೊಡೆದಳು. ಪರದೆಗಳನ್ನೆಲ್ಲ ಒಗೆದಳು. ಮಂಗಳವಾರ ಬೆಳಿಗ್ಗೆ ನಮ್ಮ ಮನೆಗೆ ಬಂದು ಕೋಟು ಕೂಡ ತೆಗೆಯದೆ ಅಡುಗೆಮನೆಯ ಕುರ್ಚಿಯ ತುದಿಯಲ್ಲಿ ಕೂತಳು.

"ಡೋರೀನ್, ಗ್ಯಾಸ್ ಇಲ್ಲಾಂದ್ರೆ ಅಲ್ಲಿ ಹಂದಿ ತಗೊಳ್ಳಲ್ಲ, ಅಲ್ವಾ?"

"ತಗೊಳ್ತಿಲ್ಲ ಅಂತ ಟೀವೀಲಿ ಬಂತಲ್ಲ."

"ತಗೊಳ್ದಿದ್ರೆ ಅವೆಲ್ಲಾ ಎಲ್ಲಿರ್ತವೆ?"

"ಇನ್ನೆಲ್ಲಿ? ಹಂದಿಯವನ ಹತ್ರಾನೇ. ಫೋನ್ ಮಾಡಿ ಕೇಳು."

"ನಂಬರ್ ಇಲ್ಲ."

"ಆರು ವರ್ಷ ಜತೇಲಿ ಟೀ ಕುಡಿದು ನಂಬರ್ ಇಸ್ಕೊಂಡಿಲ್ವಾ ಮಾರಾಯ್ತಿ!"

"ಮಂಗಳವಾರ ಸಿಗ್ತಿದ್ದ. ನಂಬರ್ ಯಾಕೆ ಬೇಕಿತ್ತು?" ಎಂದಳು. ಎಂದವಳೇ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡಳು.

ಆ ಕ್ಷಣ ನನ್ನೊಳಗೆ ಏನೋ ಚುಚ್ಚಿತು, ಇಲ್ಲವೆನ್ನುವುದಿಲ್ಲ. ನನ್ನ ಎದುರಿನ ಗೋಡೆಯ ಮೇಲೆ ಟ್ರೆವರ್‌ನ ಫೋಟೋ ಇತ್ತು. ಆದರೆ ಅವಳ ಬೆನ್ನು ನೋಡಿದೆ. ಅಷ್ಟು ದೊಡ್ಡ ವಾಹನ ಓಡಿಸುವ ಹೆಂಗಸು ಕೋಟಿನೊಳಗೆ ಸಣ್ಣಗಾಗಿ ಕೂತಿದ್ದಳು. ನಾನು ಕಾರಿನ ಕೀಲಿ ತೆಗೆದುಕೊಂಡೆ. "ಏಳು. ಊರಾದ್ರೂ ಗೊತ್ತೇನು?"

"ಟ್ರೇಲರ್ ಮೇಲೆ ಬರೆದಿತ್ತು. ಬ್ರಾಂಬಲ್ ಗಾರ್ತ್ ಫಾರ್ಮ್, ಡ್ರಿಫೀಲ್ಡ್."

ದಾರಿಯಲ್ಲಿ ಬೇಕರಿಯ ಅಂಗಡಿಯಲ್ಲಿ ನಿಲ್ಲಿಸಿ ಕ್ರಂಪೆಟ್ ಕೊಂಡಳು. ಡ್ರಿಫೀಲ್ಡ್ ದಾಟಿ ಮೂರು ಕಡೆ ಕೇಳಿಕೊಂಡು ತಲುಪಿದೆವು. ಫಾರ್ಮು ಕಾಣುವ ಮೊದಲೇ ಅದರ ಸದ್ದು ಕೇಳಿಸಿತು. ಎಡ್ವಿನ್ ಟ್ರ್ಯಾಕ್ಟರುಗಳನ್ನು ಮಳೆಯಲ್ಲಿ ಹೊರಗೆ ನಿಲ್ಲಿಸಿ ಅವುಗಳ ಕೊಟ್ಟಿಗೆಯಲ್ಲಿ ಹಂದಿಗಳನ್ನು ತುಂಬಿದ್ದ. ಹೋಗಬೇಕಾದವು ಹೋಗದೆ ದಿನದಿನಕ್ಕೆ ದಪ್ಪವಾಗುತ್ತಿದ್ದವು, ಅವುಗಳ ಹಿಂದೆ ಹೊಸ ಮರಿಗಳು ಹುಟ್ಟುತ್ತಲೇ ಇದ್ದವು. ಎಡ್ವಿನ್ ತಲೆಯಲ್ಲಿ ಹುಲ್ಲು, ಮುಖದಲ್ಲಿ ವಾರದ ಗಡ್ಡ ಹೊತ್ತು ಬೇಲಿಗೆ ಹಲಗೆ ಹೊಡೆಯುತ್ತಿದ್ದವನು ತಲೆ ಎತ್ತಿದ. ಸುತ್ತಿಗೆ ಹಿಡಿದ ಕೈ ಹಾಗೇ ನಿಂತಿತು.

"ಗ್ಯಾಸ್ ತಂದ್ಯಾ?" ಎಂದ.

"ಇಲ್ಲ. ಕ್ರಂಪೆಟ್ ತಂದೆ."

ಅವನು ನಗಲು ಹೋಗಿ ತೋಳಿನಿಂದ ಕಣ್ಣು ಒರೆಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, ಕೈ ಕೊಳೆಯಾಗಿದೆ ಎಂದು ಮೊಣಕೈ ಮುಂದೆ ಮಾಡಿದ. ನಾನು ಅವನ ಮೊಣಕೈ ಹಿಡಿದು ಕುಲುಕಿದೆ.

ಟೀ ಕುಡಿಯುವಾಗ ಹೇಳಿದ. ಪಶುವೈದ್ಯರು ಬಂದು ಹೋಗಿದ್ದರಂತೆ. ಹೀಗೇ ಮುಂದುವರಿದರೆ ಕೆಲವನ್ನು ಇಲ್ಲೇ ಹೊಡೆದು ಹೂಳಬೇಕಾದೀತು ಎಂದಿದ್ದರಂತೆ.

"ಸಾಯೋಕೇ ಸಾಕೋದು ನಾನು. ಅದ್ರಲ್ಲಿ ಮುಚ್ಚುಮರೆ ಇಲ್ಲ," ಎಂದ ಎಡ್ವಿನ್. "ಆದ್ರೆ ಯಾರ ತಟ್ಟೇಗಾದ್ರೂ ಹೋಗ್ತಾವೆ ಅಂತ ಸಾಕ್ತೀನಿ. ಗುಂಡಿ ತೋಡಿ ಹಾಕೋಕಲ್ಲ. ಅದು ನನ್ ಕೈಲಿ ಆಗಾಕಿಲ್ಲ."

ಮ್ಯಾಕ್ಸಿನ್ ಅಂಗಳದ ಆಚೆ ನೋಡುತ್ತಿದ್ದಳು. ಅಲ್ಲಿ ಬೀಗ ಹಾಕಿದ ಹಳೆಯ ಕಣಜದ ಕಟ್ಟಡವೊಂದಿತ್ತು. "ಅದ್ರಲ್ಲೇನಿದೆ?"

"ಅಮ್ಮನ ಸಾಮಾನು."

"ಪೂರ್ತಿ ತುಂಬಿದ್ಯಾ?"

"ಮಂಚ, ಬೀರು, ಹೊಲಿಗೆ ಮಿಷನ್, ಬಟ್ಟೆ... ಎಲ್ಲಾ. ಅಮ್ಮ ಹೋದ ವಾರ ಅಲ್ಲಿ ಹಾಕಿ ಬೀಗ ಹಾಕ್ದೆ. ಮತ್ತೆ ತೆಗ್ದಿಲ್ಲ."

ಅವಳು ಲೋಟ ಕೆಳಗಿಟ್ಟಳು. ಜೋರು ಮಾಡಲಿಲ್ಲ. "ನಾವಿಬ್ರೂ ಸೇರಿ ತೆಗೆಯೋಣ್ವಾ ಎಡ್ವಿನ್? ಯಾವುದು ಎಲ್ಲಿಡ್ಬೇಕು ಅಂತ ನೀನ್ ಹೇಳು. ನೀನ್ ಹೇಳ್ದೆ ಒಂದು ಚಮಚಾನೂ ಬಿಸಾಕಲ್ಲ."

ಅವನು ಲೋಟದಲ್ಲಿದ್ದ ಟೀ ಕುಡಿದು ಮುಗಿಸಿದ. ಆಮೇಲೆ ಎದ್ದು ಬೀಗದ ಕೈ ಹುಡುಕಿ ತಂದ.

ಆ ಮಧ್ಯಾಹ್ನ ನಾವು ಮೂವರೂ ಆ ಮುದುಕಿಯ ಬದುಕನ್ನು ಒಂದೊಂದಾಗಿ ಬೆಳಕಿಗೆ ಹೊತ್ತೆವು. ಮಂಚವನ್ನು ಮನೆಯೊಳಗೆ ಅವಳ ಕೋಣೆಗೇ ವಾಪಸು ಒಯ್ದೆವು. ಹೊಲಿಗೆ ಮಿಷನ್ನಿನ ದಾರ ಇನ್ನೂ ಸೂಜಿಯಲ್ಲೇ ಇತ್ತು. ಮಡಚಿಟ್ಟ ಬಟ್ಟೆಗಳಲ್ಲಿ ಇಲಿ ಕಡಿದದ್ದನ್ನು ಮ್ಯಾಕ್ಸಿನ್ ಬೇರೆ ಮಾಡಿ, ಒಂದೊಂದನ್ನೂ ಎತ್ತಿ ಹಿಡಿದು ಅವನ ಮುಖ ನೋಡುತ್ತಿದ್ದಳು. ಅವನು ತಲೆ ಆಡಿಸಿದರೆ ಮಾತ್ರ ಸುಡುವ ರಾಶಿಗೆ. ಒಂದು ನೀಲಿ ಏಪ್ರನ್ ಬಂದಾಗ ಅವನು ತಲೆ ಆಡಿಸಲಿಲ್ಲ. ಅವಳು ಅದನ್ನು ಕೊಡವಿ ತಾನೇ ಕಟ್ಟಿಕೊಂಡಳು, ಕೇಳದೆ.

ಕಣಜ ಖಾಲಿಯಾಯಿತು. ಹುಲ್ಲಿನ ಪಿಂಡಿಗಳನ್ನು ಗೋಡೆಯಂತೆ ಜೋಡಿಸಿ ದೊಡ್ಡಿಗಳನ್ನು ಮಾಡಿದರು. ಆ ಮುದುಕಿಯ ಕೋಣೆಯಲ್ಲಿ ಆ ಮುದುಕಿಯ ಮಂಚದಲ್ಲೇ ಮ್ಯಾಕ್ಸಿನ್ ಉಳಿದಳು. ನಾನು ಊರಿಗೆ ಬಂದು ಅವಳ ಬಟ್ಟೆ ಒಯ್ದು ಕೊಟ್ಟೆ, ಶನಿವಾರಗಳಲ್ಲಿ ಹೋಗಿ ಸೂಪು ಮಾಡಿಟ್ಟು ಬಂದೆ. ಬಿಲ್ಲಿಂಗ್‌ಹ್ಯಾಮ್‌ನಲ್ಲಿ ಬಾಯಿಗಳಿಗೆ ಕೆಲಸ ಸಿಕ್ಕಿತು. "ಸೋಡಾ ಬಿಟ್ಟು ಹಂದಿ ಹಿಡಿದ್ಲಂತೆ," ಎಂದು ಕೌಪರ್ ನನ್ನ ಕಿಟಕಿಗೆ ಬಂದು ಹಲ್ಲು ಕಿರಿದ. "ಹೌದು, ನಿನಗಿಂತ ಚೊಕ್ಕವಾಗಿವೆಯಂತೆ," ಎಂದೆ.

ಅಲ್ಲಿ ಅವಳು ಹಂದಿ ಎಂದರೆ ಏನೆಂದು ಕಲಿತಳು. ಯಾವುದು ಜಗಳಗಂಟಿ, ಯಾವುದು ಮರಿಗಳ ಮೇಲೆ ಮಲಗದಂತೆ ಮೊದಲು ಮಂಡಿಯೂರಿ ಕೂರುತ್ತದೆ, ಯಾವುದಕ್ಕೆ ಕಿವಿಯ ಹಿಂದೆ ತುರಿಸಿದರೆ ಕಣ್ಣು ಮುಚ್ಚುತ್ತದೆ. ನಾನು ಹೋದಾಗಲೆಲ್ಲ ಅದೇ ಮಾತು. ಎಡ್ವಿನ್ ಅವಳ ಪಕ್ಕದಲ್ಲಿ ನಿಂತು ಮೊದಲ ಸಲ ಕೇಳುತ್ತಿರುವವನ ಹಾಗೆ ಕೇಳುತ್ತಿದ್ದ.

ಕೊನೆಗೆ ಸರಕಾರ ನಷ್ಟದಲ್ಲಿ ಸ್ವಲ್ಪ ಭಾರ ಹೊರಲು ಒಪ್ಪಿತು. ಕುಲುಮೆ ಹೊತ್ತಿತು. ಅಂಥ ಕುಲುಮೆ ಕಾದು ಹದಕ್ಕೆ ಬರಲು ದಿನಗಳೇ ಹಿಡಿಯುತ್ತವೆ. ಬಂತು. ಮೊದಲ ಟ್ಯಾಂಕರುಗಳು ತುಂಬಿದವು, ಮ್ಯಾಕ್ಸಿನ್ ವಾಪಸು ಬಂದಳು. ತೂಕಕ್ಕೆ ನಿಂತಾಗ ಮೇಲಿನಿಂದ ಇಳಿದು ನನ್ನ ಕಿಟಕಿಯ ಹತ್ತಿರ ಬಂದಳು.

"ಇದು ಎಲ್ಲಿಗೆ ಹೋಗ್ತಿದೆ ಗೊತ್ತಲ್ಲ ಡೋರೀನ್?"

"ಗೊತ್ತು ಕಣೇ."

"ಅವುಗಳ ಬೆನ್ನು ತುರಿಸಿದೀನಿ ನಾನು."

"ಬೇರೆ ಯಾರನ್ನಾದ್ರೂ ಕಳಿಸು ಅಂತ ಕೌಪರ್‌ಗೆ ಹೇಳ್ಲಾ?"

ಅವಳು ಯೋಚಿಸಿದಳು. "ಬೇರೆಯವ್ರು ಹೋದ್ರೂ ಆಗೋದು ಅದೇ. ಆದ್ರೆ ಗೇಟ್ ಹತ್ರ ಅವನೊಬ್ನೇ ನಿಂತಿರ್ತಾನೆ," ಎಂದಳು. ಹತ್ತಿ ಕೂತು ಹೊರಟಳು.

ಅಲ್ಲಿ ನಡೆದದ್ದನ್ನು ಅವಳೇ ನನಗೆ ಹೇಳಿದ್ದು. ಸರದಿ ಮೈಲಿಯುದ್ದ ಇತ್ತಂತೆ. ಅವಳು ಗ್ಯಾಸು ಇಳಿಸಿ ಮುಗಿಸಿ, ಟ್ಯಾಂಕರನ್ನು ಬದಿಗೆ ಹಾಕಿ, ನಡೆದುಕೊಂಡು ಅವನ ಟ್ರೇಲರ್ ಹತ್ತಿರ ಹೋದಳು. ಹಂದಿಗಳು ಇಳಿಯುವಾಗ ಇಬ್ಬರೂ ಪಕ್ಕದಲ್ಲೇ ನಿಂತರು. ಅವಳು ಅವನ ತೋಳಂಗಿ ಹಿಡಿದುಕೊಂಡಿದ್ದಳು. ಅವನು ಪ್ರತಿಯೊಂದಕ್ಕೂ, "ಹೋಗು, ಹೋಗಮ್ಮ, ಮೆತ್ತಗೆ," ಎನ್ನುತ್ತಿದ್ದ. ಕೊನೆಯದು ಹೋದ ಮೇಲೆ ಇಬ್ಬರಿಗೂ ಟೀ ಬೇಕೆನಿಸಲಿಲ್ಲ.

"ಇಷ್ಟ್ ವರ್ಸ ಆತು," ಎಂದನಂತೆ ಎಡ್ವಿನ್, "ಖಾಲಿ ಟ್ರೇಲರ್ ತಗಂಡು ಮನೇಗೆ ಹೋಗೋ ದಾರಿ ಐತಲ್ಲ, ಅದೊಂದು ಇವತ್ತಿಗೂ ಅಭ್ಯಾಸ ಆಗಿಲ್ಲ. ದಾರಿ ಪೂರ್ತಿ ಗಡಗಡ ಅಂತೈತೆ."

"ನಿನ್ನ ಹಿಂದೇನೇ ಬರ್ತೀನಿ, ಹೆದ್ದಾರಿ ತನಕ," ಎಂದಳು ಅವಳು. ಹಾಗೇ ಅವನ ಹಿಂದೆ ಟ್ಯಾಂಕರ್ ಓಡಿಸಿದಳು. ದಾರಿ ಬೇರೆಯಾಗುವಲ್ಲಿ ಅವನು ಗಾಡಿ ನಿಲ್ಲಿಸಿ ಇಳಿದು ಬಂದು, ಕಿವಿ ಇನ್ನಷ್ಟು ಕೆಂಪಗೆ ಮಾಡಿಕೊಂಡು, ಅಷ್ಟು ದಿನ ಒಂದೇ ಸೂರಿನಡಿ ಇದ್ದೂ ಕೇಳದಿದ್ದ ಫೋನ್ ನಂಬರನ್ನು ಆಗ ಕೇಳಿದನಂತೆ. ಅದನ್ನು ಹೇಳುವಾಗ ಅವಳು ನಕ್ಕಳು, ಅತ್ತಳು, ನನ್ನ ಟವೆಲಿನಲ್ಲಿ ಮೂಗು ಒರೆಸಿಕೊಂಡಳು.

ಕಾರ್ಖಾನೆಯ ಉಸಿರು ಹೆಚ್ಚು ಕಾಲ ನಡೆಯಲಿಲ್ಲ. ಮುಂದಿನ ವರ್ಷ ಅನಿಲ ಇನ್ನೂ ದುಬಾರಿಯಾಯಿತು. ದೂರದೇಶದಲ್ಲಿ ಮಾಡಿದ ಅಮೋನಿಯವನ್ನು ಹಡಗಿನಲ್ಲಿ ತರಿಸುವುದೇ ಅಗ್ಗ ಎಂದಾಯಿತು. ಗೊಬ್ಬರದ ಕೆಲಸ ಉಳಿಯಿತು, ಅಮೋನಿಯ ಮಾಡುವ ಕೆಲಸ ಹೋಯಿತು, ಅದರ ಜತೆ ಉಳಿಕೆಯ ಗ್ಯಾಸೂ. ಬಂದರಿನಿಂದ ಗ್ಯಾಸು ಸಾಗಿಸುವ ಕಂಪನಿಯೊಂದು ಮ್ಯಾಕ್ಸಿನ್‌ಳನ್ನು ಕರೆಯಿತು. ಅವಳು ಒಲ್ಲೆ ಎಂದಳು. ಕೊನೆಯ ದಿನ ಟ್ಯಾಂಕರನ್ನು ತೊಳೆದು, ಹಿಂದಕ್ಕೆ ತೆಗೆದು, ಗೆರೆ ಮುಟ್ಟದ ಹಾಗೆ ನಿಲ್ಲಿಸಿ ಕೌಪರ್‌ನ ಕೈಗೆ ಕೀಲಿ ಕೊಟ್ಟಳು. ಆ ಮನುಷ್ಯ ಟೋಪಿ ತೆಗೆದ.

ಅದಾದ ಮೇಲೆ ಒಂದು ಸಂಜೆ ಬಂದು ನನ್ನ ಅಡುಗೆಮನೆಯಲ್ಲಿ ಕೂತಳು. "ಎಡ್ವಿನ್ ಮದುವೆ ಆಗೋಣ ಅಂದಿದಾನೆ. ನಾನಿನ್ನೂ ಏನೂ ಹೇಳಿಲ್ಲ. ಮೊದ್ಲು ನಿನ್ನ ಕೇಳೋಣ ಅಂತ."

"ನನ್ನನ್ಯಾಕೇ ಕೇಳ್ತೀಯ?"

"ಟ್ರೆವರ್‌ನ ಕೇಳೋಕಾಗಲ್ವಲ್ಲ."

ನಾನು ಎದ್ದು ಅವಳನ್ನು ತಬ್ಬಿಕೊಂಡೆ. ಇಬ್ಬರಿಗೂ ಅಳು ಬಂದು, ಒಲೆಯ ಮೇಲಿದ್ದ ಸಾರು ತಳ ಹಿಡಿಯಿತು. ವಸಂತದಲ್ಲಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಯಿತು. ಸಾಕ್ಷಿಗೆ ನಾನೇ ಸಹಿ ಹಾಕಿದೆ.

ಎಡ್ವಿನ್ ಹಂದಿಗಳನ್ನು ಅರ್ಧಕ್ಕೆ ಇಳಿಸಿದ. ಅಷ್ಟೊಂದು ಇಟ್ಟುಕೊಂಡು ಮತ್ತೊಮ್ಮೆ ಆ ಶರತ್ಕಾಲ ಕಾಣಲಾರೆ ಎಂದ. ಅವು ಈಗಲೂ ಮಂಗಳವಾರವೇ ಹೋಗುತ್ತವೆ. ಇಬ್ಬರೂ ಒಟ್ಟಿಗೇ ಹೋಗಿ ಒಟ್ಟಿಗೇ ಮರಳುತ್ತಾರೆ.

ನಾನು ಮೊದಲ ಸಲ ಭಾನುವಾರದ ಊಟಕ್ಕೆ ಹೋದಾಗ ಅವರ ಊಟದ ಕೋಣೆಯಲ್ಲಿ, ಎಡ್ವಿನ್‌ನ ತಾಯಿಯ ಫೋಟೋದ ಪಕ್ಕ, ಟ್ರೆವರ್ ಇದ್ದ. ನಾನು ನೋಡುತ್ತ ನಿಂತದ್ದನ್ನು ಕಂಡು ಮ್ಯಾಕ್ಸಿನ್, "ನಾನಲ್ಲ. ಅವನೇ ಮೊಳೆ ಹೊಡೆದದ್ದು," ಎಂದಳು.

ಊಟವಾದ ಮೇಲೆ ಅವಳು ಮರಿಗಳನ್ನು ನೋಡಲು ಹೊರಗೆ ಹೋದಳು. ಎಡ್ವಿನ್ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ, ನನ್ನ ಮುಖ ನೋಡದೆ, "ಅವ್ರು ಹೆಂಗಿದ್ರು, ನಿಮ್ಮಣ್ಣ? ಇವ್ಳನ್ನ ಕೇಳಿದ್ರೆ ಒಳ್ಳೆಯವ್ನು ಅಂತಾಳೆ, ಆಮ್ಯಾಕೆ ಸುಮ್ಕಾಯ್ತಾಳೆ," ಎಂದ.

"ಏನು ಹೇಳ್ಲಿ?"

"ಏನಾದ್ರೂ. ಟೀಗೆ ಸಕ್ರೆ ಹಾಕ್ಕಂತಿದ್ರಾ?"

"ಮೂರು ಚಮಚ," ಎಂದೆ. "ವೈದ್ಯರು ಬೇಡ ಅಂದ ಮೇಲೆ ಎಲ್ರೂ ಇದ್ದಾಗ ಒಂದು, ಆಮೇಲೆ ನನ್ನ ಕಿಟಕಿ ಹತ್ರ ಬಂದು ಎರಡು."

ಎಡ್ವಿನ್ ಗಟ್ಟಿಯಾಗಿ ನಕ್ಕ. ತಟ್ಟೆಗಳನ್ನು ಬಿಟ್ಟು ಕುರ್ಚಿ ಎಳೆದುಕೊಂಡು ನನ್ನೆದುರು ಕೂತ. ನಾನು ಟ್ರೆವರ್ ಜೇಡರ ಹುಳಕ್ಕೆ ಹೆದರುತ್ತಿದ್ದದ್ದನ್ನು ಹೇಳಿದೆ. ಚರ್ಚಿನಲ್ಲಿ ಅವನು ಹಾಡಿದರೆ ಮುಂದಿನ ಸಾಲಿನವರು ತಿರುಗಿ ನೋಡುತ್ತಿದ್ದದ್ದನ್ನು ಹೇಳಿದೆ. ಮದುವೆಯ ದಿನ ಬೂಟು ಮರೆತು ಅಪ್ಪನ ಬೂಟು ಹಾಕಿಕೊಂಡು ಪಾದ ಎಳೆಯುತ್ತ ನಡೆದದ್ದನ್ನು ಹೇಳಿದೆ. ಎಷ್ಟೋ ವರ್ಷಗಳಿಂದ ಯಾರೂ ನನ್ನನ್ನು ಅವನ ಬಗ್ಗೆ ಕೇಳಿರಲಿಲ್ಲ. ಮ್ಯಾಕ್ಸಿನ್ ಯಾವಾಗ ಒಳಗೆ ಬಂದು ಬಾಗಿಲ ಹತ್ತಿರ ನಿಂತಳೋ ನನಗೆ ಗೊತ್ತಾಗಲಿಲ್ಲ.

"ಅಪ್ಪಂದಲ್ಲ ಕಣೇ," ಎಂದಳು ಅವಳು. "ನಮ್ಮಣ್ಣನ ಬೂಟು. ಅದರೊಳಗೆ ಕಾಗದ ತುರುಕಿದ್ದು ನಾನೇ."

ಬಂದು ನಮ್ಮಿಬ್ಬರ ನಡುವೆ ಕೂತಳು, ಉಳಿದದ್ದನ್ನು ತಾನೇ ಹೇಳತೊಡಗಿದಳು.